ಹಾಡು ನಮ್ಮದು, ದುಡ್ಡು ನಮ್ಮದು, ಹಕ್ಕು ಸ್ಟುಡಿಯೋದವರದಾ?

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ನಮ್ಮ ಕಡೆಯ ಭಜನಾ ಮಂಡಳಿಗಳಿಗೆ ಒಂದು ಆಸೆ ಹುಟ್ಟುತ್ತದೆ. ಈ ಸಲ ಜಾತ್ರೆಗೆ ನಮ್ಮದೂ ಒಂದು ಹಾಡು ಬಿಡಬೇಕು ಅಂತ. ಊರಲ್ಲಿ ಪಟ್ಟಿ ಎತ್ತುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ, ಏಕತಾರಿ ಎಲ್ಲವನ್ನೂ ಟಂಟಂಗೆ ಏರಿಸಿಕೊಂಡು ಹತ್ತು ಹನ್ನೆರಡು ಮಂದಿ ಪಟ್ಟಣದ ಸ್ಟುಡಿಯೋಕ್ಕೆ ಹೋಗುತ್ತಾರೆ.

ಅಲ್ಲಿ ಒಳಗೆ ಹೋಗುವುದು ಒಬ್ಬರೇ.

ಉಳಿದವರು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೂತು ಚಹಾ ಕುಡಿಯುತ್ತಾರೆ. ಏಕೆಂದರೆ ತಬಲಾ ಬೇಕಿಲ್ಲ, ಕಂಪ್ಯೂಟರಿನಲ್ಲೇ ಇದೆ. ತಾಳ ಬೇಕಿಲ್ಲ, ಅದೂ ಇದೆ. ಏಕತಾರಿ 'ಸೌಂಡ್ ಡಿಸ್ಟರ್ಬ್ ಆಗ್ತದ್ರೀ'. ಹಾಡುವವರ ಕಿವಿಗೆ ಹೆಡ್‌ಫೋನ್ ಹಾಕಿ, ಮೊದಲೇ ಮಾಡಿಟ್ಟ ರಿದಮ್ ಕೇಳಿಸಿ, ಒಂದೊಂದೇ ಸಾಲು ಹಾಡಿಸುತ್ತಾರೆ. ನಿಂತು, ಮತ್ತೆ ಹಾಡಿ, ಮತ್ತೆ ನಿಂತು. ನಲವತ್ತು ವರ್ಷ ಕಟ್ಟೆಯ ಮೇಲೆ ರಾತ್ರಿಯಿಡೀ ಹಾಡಿದ ಮನುಷ್ಯ ಅಲ್ಲಿ ಎರಡು ಗಂಟೆಯಲ್ಲಿ ಬೆವತು ಹೊರಗೆ ಬರುತ್ತಾನೆ.

ಎಲ್ಲ ಮುಗಿದ ಮೇಲೆ ಒಂದು ಬಾಂಡ್ ಪೇಪರ್ ಬರುತ್ತದೆ. ಇಂಗ್ಲಿಷಿನಲ್ಲಿ ಇರುತ್ತದೆ. 'ಇದೇನಿಲ್ರೀ, ಚಾನೆಲ್‌ಗೆ ಹಾಕಾಕ ಒಂದು ಫಾರ್ಮಾಲಿಟಿ' ಅನ್ನುತ್ತಾರೆ. ಸಹಿ ಬಿದ್ದುಬಿಡುತ್ತದೆ. ಹಾಡಿದ್ದು ನಾವು, ರೊಕ್ಕ ಕೊಟ್ಟದ್ದು ನಾವು, ಜಾತ್ರೆಯಲ್ಲಿ ಹಂಚಿದ್ದೂ ನಾವು. ಹಾಡಿನ ಮಾಲೀಕ ಮಾತ್ರ ಬೇರೆ.

ನಮ್ಮ ತಾಲ್ಲೂಕಿನ ತತ್ವಪದದ ಅಜ್ಜನೊಬ್ಬನಿಗೆ ಆದದ್ದು ಇದೇ. ಊರು, ಹೆಸರು ಬೇಡ. ಸ್ಟುಡಿಯೋದಿಂದ ಹಾಡು ತಯಾರಾಗಿ ಬಂದಾಗ ಮನೆಯವರೆಲ್ಲ ಕೂತು ಮೊಬೈಲಿನಲ್ಲಿ ಕೇಳಿದರು. ಅಜ್ಜ ಸುಮ್ಮನೆ ಕೇಳಿ, 'ತಮ್ಮಾ, ಹಾಡಿದಾಂವ ನಾನ ಹೌದು. ಆದ್ರ ಹಿಂಗ ನಾ ಯಾವಾಗ ಹಾಡಿದ್ದೆ?' ಅಂದ. ಅಷ್ಟಕ್ಕೇ ಮುಗಿಯಲಿಲ್ಲ. ಸ್ಟುಡಿಯೋದವರೇ ಕೊಟ್ಟ ಪೆನ್‌ಡ್ರೈವಿನ ಹಾಡನ್ನು ಮೊಮ್ಮಗ ಅಜ್ಜನ ಫೋಟೋ ಹಚ್ಚಿ ತನ್ನ ಚಾನೆಲ್ಲಿಗೆ ಏರಿಸಿದ. ಮರುದಿನವೇ ಅದರ ಮೇಲೆ ಕಾಪಿರೈಟ್ ತಕರಾರು ಬಂತು. ಅಜ್ಜನ ಹಾಡನ್ನು ಅಜ್ಜನ ಮನೆಯವರೇ ಕದ್ದರು ಎಂಬ ಲೆಕ್ಕ.

ಇದು ಒಂದೆರಡು ಕಡೆಯ ಮಾತಾಗಿದ್ದರೆ ನಾವು ಬರೆಯುತ್ತಿರಲಿಲ್ಲ. ಜಾತ್ರೆ, ಸಪ್ತಾಹ, ಶಿವರಾತ್ರಿ ಜಾಗರಣೆ ಅಂತ ವರದಿಗೆ ಹೋದಲ್ಲೆಲ್ಲ ಇದೇ ಗೋಳು ಕೇಳುತ್ತೇವೆ. ಹಾಗಾಗಿ ನೇರವಾಗಿ ಹೇಳುತ್ತಿದ್ದೇವೆ. ಹಾಡು ರೆಕಾರ್ಡ್ ಮಾಡಲು ಪಟ್ಟಣದ ಸ್ಟುಡಿಯೋಕ್ಕೆ ಹೋಗುವುದನ್ನು ನಿಲ್ಲಿಸಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇರುವ ಹಳೆಯ ಕಂಪ್ಯೂಟರ್ ಸಾಕು. ಡಿಗ್ರಿ ಮುಗಿಸಿ ಬಂದ ಮಗನದೋ, ಬಿ.ಎಡ್ ಮಾಡುತ್ತಿರುವ ಸೊಸೆಯದೋ ಲ್ಯಾಪ್‌ಟಾಪ್ ಈಗ ಎಷ್ಟೋ ಮನೆಗಳಲ್ಲಿದೆ. ಅದರಲ್ಲೇ ಆಗುತ್ತದೆ.

ಮೊದಲು ಕಾಯ್ದೆಯ ಮಾತು. ಇದನ್ನು ತಿಳಿದರೆ ಸಿಟ್ಟು ಇನ್ನೂ ಏರುತ್ತದೆ.

ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳ ಮೇಲೆ ಇವತ್ತು ಯಾರೂ ಕಾಪಿರೈಟ್ ಹೇಳುವಂತಿಲ್ಲ, ಅವು ಎಲ್ಲರವು. ಆದರೆ ಅದೇ ಪದವನ್ನು ನೀವು ಹಾಡಿ ಮಾಡಿದ ಧ್ವನಿಮುದ್ರಣಕ್ಕೆ ಬೇರೆಯದೇ ಒಂದು ಹಕ್ಕು ಹುಟ್ಟುತ್ತದೆ. ಆ ಹಕ್ಕು 60 ವರ್ಷ ಇರುತ್ತದೆ. ಅದು ಯಾರಿಗೆ ಸೇರುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಿರ್ಮಾಪಕನಿಗೆ. ನಿರ್ಮಾಪಕ ಅಂದರೆ ಯಾರು? ಆ ಮುದ್ರಣ ಆಗಬೇಕೆಂದು ತಾನೇ ಮುಂದಾಗಿ ಅದರ ಹೊಣೆ ಹೊತ್ತವನು. ಮೈಕ್ ಇಟ್ಟವನು ಅಂತಲೂ ಇಲ್ಲ, ಗುಂಡಿ ಒತ್ತಿದವನು ಅಂತಲೂ ಇಲ್ಲ. ಪಟ್ಟಿ ಎತ್ತಿದ್ದು ಮಂಡಳಿ, ಬಾಡಿಗೆ ಕಟ್ಟಿದ್ದು ಮಂಡಳಿ, ಹಾಡಿಸಿದ್ದು ಮಂಡಳಿ. ಹಾಗಿದ್ದರೆ ನಿರ್ಮಾಪಕ ಮಂಡಳಿಯೇ. ಆ ಒಂದು ಬಾಂಡ್ ಪೇಪರ್ ಇದನ್ನೆಲ್ಲ ಒಂದು ಸಹಿಯಲ್ಲಿ ಆಚೆ ದಾಟಿಸಿಬಿಡುತ್ತದೆ. ಅದಕ್ಕೇ ಅದು 'ಫಾರ್ಮಾಲಿಟಿ'.

ಹಾಡಿದವರಿಗೂ ಬಾರಿಸಿದವರಿಗೂ ಪ್ರತ್ಯೇಕ ಹಕ್ಕಿದೆ. ಕಾಯ್ದೆ ಅವರನ್ನು ಪ್ರದರ್ಶಕರು ಎನ್ನುತ್ತದೆ. ಅವರ ಹಕ್ಕು 50 ವರ್ಷದ್ದು. 2012ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿತು. ಹಕ್ಕನ್ನು ಬರೆದುಕೊಟ್ಟಿದ್ದರೂ ಸಹ, ಹಾಡಿದ್ದು ನಾನು ಎಂದು ಹೆಸರು ಹಾಕಿಸಿಕೊಳ್ಳಲು, ನನ್ನ ಮರ್ಯಾದೆಗೆ ಕುಂದು ಬರುವಂತೆ ನನ್ನ ಹಾಡನ್ನು ತಿರುಚಬೇಡಿ ಎನ್ನಲು ಪ್ರದರ್ಶಕರಿಗೆ ಅಧಿಕಾರವಿದೆ. ಇನ್ನೊಂದು ಮಾತು, ಈಗಾಗಲೇ ಸಹಿ ಹಾಕಿದವರಿಗೆ. ಪತ್ರದಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆದಿಲ್ಲದಿದ್ದರೆ ಐದು ವರ್ಷಕ್ಕೆ ಎಂದು ಕಾಯ್ದೆ ಲೆಕ್ಕ ಹಿಡಿಯುತ್ತದೆ. ಪತ್ರ ಹುಡುಕಿ ತೆಗೆದು ಗೊತ್ತಿದ್ದ ವಕೀಲರಿಗೆ ತೋರಿಸಿ. ಪತ್ರದ ಪ್ರತಿಯನ್ನೇ ಕೊಟ್ಟಿಲ್ಲ ಅನ್ನುವವರು ಬಹಳ ಮಂದಿ ಇದ್ದಾರೆ, ನಮಗೆ ಗೊತ್ತು. ಹೋಗಿ ಕೇಳಿ.

ಈಗ 'ಕ್ವಾಲಿಟಿ' ಎಂಬ ಗುಮ್ಮ. ಮನೆಯಲ್ಲಿ ಮಾಡಿದರೆ ಕ್ವಾಲಿಟಿ ಬರುವುದಿಲ್ಲ ಎಂದು ಹೆದರಿಸುತ್ತಾರೆ. ಗಾಜಿನ ಗೋಡೆ, ಸ್ಪಂಜು ಬಡಿದ ಕೋಣೆ, ಏಸಿ, ದೊಡ್ಡ ಪರದೆ, ಇವನ್ನೆಲ್ಲ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ನಮ್ಮ ದೇಶದಲ್ಲಿ ಗ್ರಾಮಾಫೋನ್ ಕಂಪನಿ ಮಾಡಿದ ಮೊದಲ ರೆಕಾರ್ಡಿಂಗ್‌ಗಳು ಯಾವ ಸ್ಟುಡಿಯೋದಲ್ಲಿ ಆದವು ಗೊತ್ತೇ? 1902ರ ನವೆಂಬರಿನಲ್ಲಿ ಕಲ್ಕತ್ತೆಯ ಒಂದು ಹೋಟೆಲಿನ ಕೋಣೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬಾತ ಹಡಗಿನಲ್ಲಿ ಯಂತ್ರ ತಂದು ಅಲ್ಲೇ ಜೋಡಿಸಿದ. ಗೌಹರ್ ಜಾನ್ ಹಾಡಿದ್ದು ಅಲ್ಲಿ. ಮುಂದೆ ಆಕೆ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೋಟೆಲ್ ಕೋಣೆಯ ಆ ದನಿ ಇವತ್ತಿಗೂ ಮೊಬೈಲಿನಲ್ಲಿ ಕೇಳಲು ಸಿಗುತ್ತದೆ. ಆಗ ಮೈಕ್ ಕೂಡ ಇರಲಿಲ್ಲ, ಒಂದು ತಗಡಿನ ಕೊಂಬಿನೊಳಗೆ ಮುಖವಿಟ್ಟು ಹಾಡುವುದು.

ಅಮೆರಿಕದ ದೊಡ್ಡ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಹೊರತಂದ 'ನೆಬ್ರಾಸ್ಕಾ' ಎಂಬ ಆಲ್ಬಂ ಮನೆಯ ಮಲಗುವ ಕೋಣೆಯಲ್ಲಿ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿಸಿದ್ದು. ಆಮೇಲೆ ಸ್ಟುಡಿಯೋಕ್ಕೆ ಹೋಗಿ ತಂಡ ಕಟ್ಟಿಕೊಂಡು ಅವೇ ಹಾಡುಗಳನ್ನು ಪ್ರಯತ್ನಿಸಿದರು, ಮನಸ್ಸಿಗೆ ಬರಲಿಲ್ಲ, ಕ್ಯಾಸೆಟ್ಟಿನದನ್ನೇ ಬಿಟ್ಟರು. ಬಿಲ್ಲಿ ಐಲಿಶ್ ಎಂಬ ಹುಡುಗಿ ಮತ್ತು ಆಕೆಯ ಅಣ್ಣ ಮನೆಯ ಸಣ್ಣ ಕೋಣೆಯಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಆಲ್ಬಂ 2020ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅವರ ಹಾಡು ನಮಗೆ ಹಿಡಿಸುತ್ತದೋ ಇಲ್ಲವೋ ಬೇರೆ ಮಾತು. ಕೋಣೆಯ ಮಾತು ಹೇಳುತ್ತಿದ್ದೇವೆ.

ಇನ್ನು ಆ ಸ್ಟುಡಿಯೋದ ಕ್ವಾಲಿಟಿ ಅನ್ನುವುದರ ಒಳಗೆ ಏನಿದೆ ನೋಡೋಣ. ಅದರಲ್ಲಿ ಮುಖ್ಯವಾದದ್ದು ಆಟೋಟ್ಯೂನ್. 1997ರಲ್ಲಿ ಬಂದ ಸಾಫ್ಟ್‌ವೇರ್ ಇದು. ಇದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ಕಂಪನಿಗಳಿಗಾಗಿ ನೆಲದೊಳಗಿನ ಅಲೆಗಳ ಲೆಕ್ಕ ಮಾಡುತ್ತಿದ್ದವರು. ಎಣ್ಣೆ ಹುಡುಕುವ ಗಣಿತ ಗಂಟಲಿಗೆ ಬಂತು. ಅದು ಮಾಡುವ ಕೆಲಸ ಸರಳ. ನೀವು ಹಾಡಿದ ಸ್ವರ ಎಲ್ಲಿದೆ ಎಂದು ಅಳೆದು, ಹತ್ತಿರದ ಸ್ವರದ ಮನೆಗೆ ಎಳೆದು ಕೂರಿಸುತ್ತದೆ. ಮನೆಗಳು ಹನ್ನೆರಡೇ, ಹಾರ್ಮೋನಿಯಂ ಕಟ್ಟಿಗೆಗಳ ಹಾಗೆ.

ಈಗ ನಮ್ಮ ಚೌಡಿಕೆ ಪದ ಹಾಡುವ ಹೆಂಗಸರನ್ನು ನೆನೆಸಿಕೊಳ್ಳಿ. ಅವರ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ, ಜಾರುತ್ತದೆ. ಎರಡು ಕಟ್ಟಿಗೆಯ ನಡುವೆ ಎಲ್ಲೋ ನಿಂತು ಅಳುತ್ತದೆ. ಬೀಸುವ ಕಲ್ಲಿನ ಪದದಲ್ಲಿ ಸಾಲಿನ ಕೊನೆಗೆ ದನಿ ಇಳಿದು ಉಸಿರಾಗುತ್ತದೆ. ತತ್ವಪದದವರು ಏಕತಾರಿಯ ಶ್ರುತಿಗೆ ಹಾಡುತ್ತಾರೆ, ಅದು ಆ ದಿನ ಎಲ್ಲಿ ಕೂಡಿತೋ ಅಲ್ಲಿ. ಆಟೋಟ್ಯೂನನ್ನು ಜೋರಾಗಿ ಬಿಗಿದರೆ ಇದೆಲ್ಲವೂ ಅದಕ್ಕೆ ತಪ್ಪಾಗಿ ಕಾಣುತ್ತದೆ. ಎಲ್ಲವನ್ನೂ ಇಸ್ತ್ರಿ ಹೊಡೆದು ಕೊಡುತ್ತದೆ. ಅಜ್ಜನಿಗೆ ತನ್ನ ದನಿಯೇ ಗುರುತು ಸಿಗದೆ ಹೋದದ್ದು ಅದಕ್ಕೇ.

ಲಯದ ಕಥೆಯೂ ಹಾಗೆಯೇ. ಭಜನೆ ನಿಧಾನಕ್ಕೆ ಶುರುವಾಗಿ, ಮುಂದೆ ತಾಳ ಏರಿ, ಕೊನೆಗೆ ಕೂತವರೂ ಎದ್ದು ನಿಲ್ಲುವಂತಾಗುತ್ತದೆ. ಗೀಗೀ ಪದದಲ್ಲಿ ಹಿಮ್ಮೇಳದವರು ಮುಮ್ಮೇಳದವರನ್ನು ಎತ್ತಿಕೊಂಡು ಹೋಗುತ್ತಾರೆ, ದಪ್ಪು ಮತ್ತು ತುಂತುಣಿ ಅವರ ಕಾಲು. ಮೊದಲೇ ಮಾಡಿಟ್ಟ ರಿದಮ್ಮಿಗೆ ಈ ಏರು ಗೊತ್ತಿಲ್ಲ. ಮೊದಲ ನಿಮಿಷ ಹೇಗೋ ಐದನೇ ನಿಮಿಷವೂ ಹಾಗೆಯೇ ಬಡಿಯುತ್ತದೆ. ಹಾಡುವವರು ಗಾಣಕ್ಕೆ ಕಟ್ಟಿದ ಎತ್ತಿನಂತೆ ಅದರ ಸುತ್ತ ತಿರುಗಬೇಕು. ಬೇಸರದ ಸಂಗತಿ ಏನೆಂದರೆ ಈಗ ಹುಡುಗರು ಅದನ್ನೇ ಸರಿ ಅಂದುಕೊಂಡು ಕಟ್ಟೆಯ ಮೇಲೂ ಹಾಗೆಯೇ ಬಾರಿಸಲು ಶುರು ಮಾಡಿದ್ದಾರೆ.

ಸರಿ, ಮನೆಯಲ್ಲಿ ಹೇಗೆ ಮಾಡುವುದು? ನಾವು ಸೌಂಡ್ ಎಂಜಿನಿಯರುಗಳಲ್ಲ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ರೇಡಿಯೋ ಪಾಠ ಅಂತ ಒಂದಿತ್ತು, ಅಲ್ಲಿ ಕಲಿತದ್ದು, ಆಮೇಲೆ ಬೈಟ್ ತೆಗೆದು ಕತ್ತರಿಸಿ ಕಳಿಸುತ್ತಾ ಕೈಗೆ ಹತ್ತಿದ್ದು. ಮಂಡಳಿಗಳ ಜತೆ ಕೂತು ಮಾಡಿ ನೋಡಿದ ಮೇಲೇ ಹೇಳುತ್ತಿದ್ದೇವೆ.

ಸಾಫ್ಟ್‌ವೇರ್ ಹೆಸರು ಆಡಾಸಿಟಿ. 2000ನೇ ಇಸವಿಯಿಂದ ಇದೆ, ಪೂರ್ತಿ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಒಂದು ಸಲ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಾಗಿಲ್ಲ. ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ವೈರಸ್ ತಂದುಕೊಳ್ಳುವ ಗರಜೂ ಇಲ್ಲ.

ಮೈಕಿಗೆ ಎರಡು ದಾರಿ. ಯುಎಸ್‌ಬಿ ಮೈಕ್ ತಂದು ನೇರ ಕಂಪ್ಯೂಟರಿಗೆ ಚುಚ್ಚಬಹುದು. ಐದಾರು ಸಾವಿರದ ಒಳಗೆ ಕೆಲಸಕ್ಕೆ ಬರುವಂಥದು ಸಿಗುತ್ತದೆ, ಮಂಡಳಿಯಲ್ಲಿ ಹತ್ತು ಜನ ಹಂಚಿಕೊಂಡರೆ ತಲೆಗೆ ಐನೂರು ಅರುನೂರು. ಇಲ್ಲವೇ ಮಂಡಳಿಯ ಮೈಕ್ ಸೆಟ್ಟಿನಲ್ಲಿ ಈಗಾಗಲೇ ಇರುವ ಕೈ ಮೈಕನ್ನೇ ಬಳಸಬಹುದು. ಅದಕ್ಕೆ ಕಂಪ್ಯೂಟರಿಗೂ ಮೈಕಿಗೂ ನಡುವೆ ಆಡಿಯೋ ಇಂಟರ್‌ಫೇಸ್ ಎಂಬ ಸಣ್ಣ ಡಬ್ಬಿ ಬೇಕು. ಹಳ್ಳಿಮನೆಗೆ ಈ ಕೈ ಮೈಕೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ. ಅದಕ್ಕೆ ಕಿವಿ ಮಂದ. ಎದುರಿನ ಬಾಯಿ ಕೇಳುತ್ತದೆ, ಹಿತ್ತಲಿನ ಕೋಳಿ ಅಷ್ಟಾಗಿ ಕೇಳುವುದಿಲ್ಲ. ಸ್ಟುಡಿಯೋದ ಕಂಡೆನ್ಸರ್ ಮೈಕಿಗೆ ಎಲ್ಲವೂ ಕೇಳುತ್ತದೆ, ಆಚೆ ಓಣಿಯ ಟ್ರ್ಯಾಕ್ಟರ್ ಸಹಿತ.

ಮೈಕಿಗಿಂತ ದೊಡ್ಡದು ಕೋಣೆ. ಆರ್‌ಸಿಸಿ ಮನೆಯ ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ, ಟಣಕ್ ಅಂತ ತಿರುಗಿ ಬರುತ್ತದೆ. ಅಲ್ಲಿ ಹಾಡಿದರೆ ಬಾವಿಯೊಳಗಿಂದ ಹಾಡಿದಂತೆ. ಅದೇ ಜೋಳದ ಚೀಲ ಒಟ್ಟಿದ ಕೋಣೆಯಲ್ಲಿ ತಟ್ಟಿ ನೋಡಿ, ಸದ್ದು ಅಲ್ಲೇ ಸಾಯುತ್ತದೆ. ನಿಮಗೆ ಬೇಕಾದ ಸ್ಟುಡಿಯೋ ಅದು. ಚೀಲ ಇಲ್ಲದಿದ್ದರೆ ಕೌದಿ ಇದೆಯಲ್ಲ. ಹಗ್ಗ ಕಟ್ಟಿ ಹಾಡುವವರ ಬೆನ್ನ ಹಿಂದೆ ಎರಡು, ಎಡಬಲಕ್ಕೆ ಒಂದೊಂದು ಕೌದಿ ಇಳಿಬಿಡಿ, ಕೆಳಗೆ ಜಮಖಾನೆ ಹಾಸಿ. ನಮ್ಮವ್ವಂದಿರು ಹಳೆಯ ಸೀರೆ ಧೋತರ ಪದರ ಪದರ ಹೊಲಿದು ಮಾಡಿದ ಕೌದಿ ಆ ಸ್ಪಂಜಿಗಿಂತ ಯಾವುದರಲ್ಲೂ ಕಡಿಮೆಯಲ್ಲ. ಹಳೆಯ ಮಣ್ಣಿನ ಮಾಳಿಗೆ ಮನೆ ಇನ್ನೂ ಉಳಿಸಿಕೊಂಡವರು ಪುಣ್ಯವಂತರು.

ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಬರುವ ಜುಂಯ್ ಎನ್ನುವ ಸದ್ದು ಬಹುಮಟ್ಟಿಗೆ ಇದರಿಂದಲೇ ಹೋಗುತ್ತದೆ. ಫ್ಯಾನ್, ಫ್ರಿಜ್, ಇನ್ವರ್ಟರ್ ಬಂದ್. ಕರೆಂಟ್ ಹೋದ ಹೊತ್ತು ಇದಕ್ಕೆ ಬಲು ಒಳ್ಳೆಯದು, ನಗಬೇಡಿ, ನಿಜ. ಊರಿನ ಸದ್ದೂ ಆಗ ಅರ್ಧ ಇಳಿದಿರುತ್ತದೆ.

ಬಾಯಿಯಿಂದ ಮೈಕಿಗೆ ಒಂದು ಗೇಣು. ಜಾತ್ರೆಯಲ್ಲಿ ಮೈಕನ್ನು ತುಟಿಗೆ ಹಚ್ಚಿ ಹಾಡುವ ರೂಢಿ ಇಲ್ಲಿ ಬೇಡ. ಮೊದಲು ಹಾಡಿನ ಅತಿ ಎತ್ತರದ ಭಾಗ ಹಾಡಿಸಿ, ಆಡಾಸಿಟಿಯ ಅಳತೆಪಟ್ಟಿಯಲ್ಲಿ ಅದು ಮೈನಸ್ 6ರ ಆಸುಪಾಸು ನಿಲ್ಲುವಂತೆ ಮೈಕಿನ ಜೋರನ್ನು ಇಳಿಸಿಕೊಳ್ಳಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಸಣ್ಣ ದನಿಯನ್ನು ಆಮೇಲೆ ಎತ್ತಬಹುದು, ಒಡೆದ ದನಿಯನ್ನು ಕೂಡಿಸಲಾಗುವುದಿಲ್ಲ.

ಒಂದೇ ಮೈಕ್ ಇದ್ದರೂ ಇಡೀ ಮಂಡಳಿಯನ್ನು ಹಿಡಿಯಬಹುದು. ಹಿಂದಿನವರು ಮಾಡಿದ್ದೂ ಹಾಗೆಯೇ. ಮೈಕಿನ ಜಾಗ ಬದಲಿಸುವ ಬದಲು ಮನುಷ್ಯರ ಜಾಗ ಬದಲಿಸಬೇಕು. ಹಾಡುವವರು ಹತ್ತಿರ, ಏಕತಾರಿ ಅವರ ಭುಜಕ್ಕೇ ಇರುತ್ತದೆ. ಹಾರ್ಮೋನಿಯಂ ಎರಡು ಮೊಳ ಆಚೆ, ತಿದಿಯ ಕಡೆ ಮೈಕಿಗೆ ಬೆನ್ನಾಗಿರಲಿ, ಇಲ್ಲದಿದ್ದರೆ ಗಾಳಿಯ ಸದ್ದು ಬರುತ್ತದೆ. ದಮ್ಮಡಿ, ತಾಳ ನಾಲ್ಕೈದು ಹೆಜ್ಜೆ ಹಿಂದೆ. ಡೊಳ್ಳು ಇದ್ದರೆ ಅದು ಪಡಸಾಲೆಯಲ್ಲಿ, ಬಾಗಿಲು ತೆರೆದಿರಲಿ. ಎರಡು ನಿಮಿಷ ಬಾರಿಸಿ, ಕೇಳಿ, ಯಾರದು ಮುಳುಗಿದೆಯೋ ಅವರನ್ನು ಒಂದು ಹೆಜ್ಜೆ ಮುಂದೆ ಕರೆಯಿರಿ. ಇಡೀ ಸಂಜೆ ಇದಕ್ಕೇ ಹೋದರೂ ಹೋಗಲಿ.

ಎಲ್ಲರೂ ಒಟ್ಟಿಗೆ ಹಾಡಿ ಬಾರಿಸುವುದೇ ನಮ್ಮ ಪದಗಳಿಗೆ ಸರಿ. ಆದರೂ ತಬಲಾದವರು ಹುಬ್ಬಳ್ಳಿಗೋ ಪುಣೆಗೋ ದುಡಿಯಲು ಹೋಗಿದ್ದಾರೆ, ಹಬ್ಬಕ್ಕೆ ಬರುತ್ತಾರೆ ಅಂತಿದ್ದರೆ ಬೇರೆ ಬೇರೆಯಾಗಿಯೂ ಮಾಡಬಹುದು. ಮೊದಲು ಹಾಡು ಮತ್ತು ಏಕತಾರಿ. ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ತಬಲಾ ಇನ್ನೊಂದು ಟ್ರ್ಯಾಕಿಗೆ. ಹಾಡು ಮುಂದೆ, ತಬಲಾ ಹಿಂದೆ, ಸ್ಟುಡಿಯೋದವರ ಕ್ರಮಕ್ಕೆ ತಿರುಗಾ ಮುರುಗಾ. ಲಯ ಯಾರ ಕೈಯಲ್ಲಿ ಇರಬೇಕೋ ಅವರ ಕೈಯಲ್ಲೇ ಇರುತ್ತದೆ. ಇದಕ್ಕೆ ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ. ಅದರಲ್ಲಿ ಸದ್ದು ತುಸು ತಡವಾಗಿ ಕಿವಿಗೆ ಬರುತ್ತದೆ, ಪೆಟ್ಟುಗಳೆಲ್ಲ ಹಿಂದೆ ಬೀಳುತ್ತವೆ. ನೂರಿನ್ನೂರು ರೂಪಾಯಿಯ ವೈರಿನ ಇಯರ್‌ಫೋನ್ ಸಾಕು.

ಹಾಡು ಶುರುವಾಗುವ ಮುಂಚೆ ಐದು ಸೆಕೆಂಡು ಎಲ್ಲರೂ ಸುಮ್ಮನೆ ಕೂತ ಮೌನವನ್ನೂ ರೆಕಾರ್ಡ್ ಮಾಡಿ. ಆಡಾಸಿಟಿಗೆ ಆ ಮೌನ ತೋರಿಸಿದರೆ ಕೋಣೆಯ ಗುಂಯ್ ಸದ್ದನ್ನು ಹಾಡಿನಿಂದ ಕಳೆದು ಕೊಡುತ್ತದೆ. ತುಸುವೇ ಕಳೆಯಿರಿ. ಹೆಚ್ಚಾದರೆ ನೀರಿನೊಳಗೆ ಕೂತು ಹಾಡಿದಂತಾಗುತ್ತದೆ. ಹಿಂದೆ ಎಲ್ಲೋ ಕರು ಕೂಗಿದ್ದು ಉಳಿದರೆ ಉಳಿಯಲಿ.

ಮೊಬೈಲಿನಲ್ಲೇ ಮಾಡಿದರೆ ಆಗದೇ ಎಂದು ಕೇಳುತ್ತೀರಿ. ಕಂಪ್ಯೂಟರ್ ಇಲ್ಲವೇ ಇಲ್ಲ ಅಂದರೆ ಅದೇ ಸರಿ, ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಬಹಳ ಫೋನುಗಳು ತಾವೇ ದನಿಯನ್ನು ಎತ್ತಿ ಇಳಿಸಿ ಮಾಡುತ್ತವೆ. ಡೊಳ್ಳಿನ ಪೆಟ್ಟು ಬಿದ್ದಾಗ ಹಾಡು ಕುಸಿದು ಮತ್ತೆ ಏಳುತ್ತದೆ. ಕಂಪ್ಯೂಟರಿನಲ್ಲಿ ಹಗ್ಗ ನಿಮ್ಮ ಕೈಯಲ್ಲಿರುತ್ತದೆ.

ಸ್ಟುಡಿಯೋ ನಡೆಸುವವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಎಂದು ಒಬ್ಬರು ನಮಗೆ ಫೋನ್ ಮಾಡಿ ಕೇಳಿದರು. ಅವರಲ್ಲೂ ನಿಯತ್ತಿನವರಿದ್ದಾರೆ. ಸಾಲ ಮಾಡಿ ಯಂತ್ರ ತಂದವರು, ಜಾನಪದದ ಬಗ್ಗೆ ನಿಜವಾದ ಪ್ರೀತಿ ಇದ್ದವರು. ಅವರಿಗೆ ಕೆಲಸ ಕೊಡಿ. ಮನೆಯಲ್ಲಿ ಮುದ್ರಿಸಿದ್ದನ್ನು ಒಯ್ದು, ಮಿಕ್ಸಿಂಗ್ ಮಾಡಿಕೊಡಿ, ಕೂಲಿ ಇಷ್ಟು, ಆಟೋಟ್ಯೂನ್ ಬೇಡ, ಹಕ್ಕು ನಮ್ಮದು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಮಾಡಿ. ಬಡಗಿ ಬಾಗಿಲು ಮಾಡಿಕೊಟ್ಟು ಮನೆ ನನ್ನದು ಅನ್ನುವುದಿಲ್ಲವಲ್ಲ! ಇದಕ್ಕೆ ಒಪ್ಪುವವರು ನಿಯತ್ತಿನವರು. ಒಪ್ಪದವರ ಹೊಟ್ಟೆ ಯಾವುದರಿಂದ ತುಂಬುತ್ತಿತ್ತು ಅಂತ ಅಲ್ಲಿಗೇ ಗೊತ್ತಾಯಿತಲ್ಲ.

ನಮ್ಮೂರಿನ ಹುಡುಗರಿಗೂ ಒಂದು ಮಾತು. ಕಂಪ್ಯೂಟರ್ ಇದೆ, ಸಾಫ್ಟ್‌ವೇರೂ ಬರುತ್ತದೆ, ಗಣಪತಿ ಹಬ್ಬ ಬಂದರೆ ಸಿನಿಮಾ ಹಾಡಿಗೆ ಡಿಜೆ ಬೇಸ್ ಹಾಕಿ ಒಂದೇ ರಾತ್ರಿಯಲ್ಲಿ ಮಿಕ್ಸ್ ಮಾಡಿ ಬಿಡುತ್ತೀರಿ. ಭಲೇ ಜಾಣರು. ಆದರೆ ಪಕ್ಕದ ಮನೆಯ ಅವ್ವನಿಗೆ ನೂರಾರು ಸೋಬಾನೆ ಪದ ಬರುತ್ತವೆ, ಅವಳಿಗೆ ಈಗ ಕೆಮ್ಮು, ರಾತ್ರಿ ನಿದ್ದೆಯಿಲ್ಲ. ಆಕೆಯ ಮುಂದೆ ಒಂದು ಮೈಕ್ ಇಟ್ಟವರು ಯಾರು? ವಿಶ್ವವಿದ್ಯಾಲಯದವರು ಬರುತ್ತಾರೆ, ಆಕಾಶವಾಣಿಯವರು ಕರೆಯುತ್ತಾರೆ ಎಂದು ಕಾಯುವ ಕಾಲ ಇತ್ತು. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಕಡೆಯ ಎಷ್ಟೋ ದನಿಗಳನ್ನು ಉಳಿಸಿದೆ, ಆ ಋಣ ದೊಡ್ಡದು. ಆದರೆ ಎಲ್ಲ ಊರಿನ ಎಲ್ಲ ಅವ್ವಂದಿರ ಮನೆಗೆ ಯಾವ ಆಕಾಶವಾಣಿಯೂ ಬರಲಾರದು. ನಿಮ್ಮ ಮನೆಯಿಂದ ಅಲ್ಲಿಗೆ ಹತ್ತು ಹೆಜ್ಜೆ.

ಆಕೆಯ ಒಪ್ಪಿಗೆ ಮೊದಲು. ಹಾಡಿಸಿಕೊಂಡು ಬಂದು ನಿಮ್ಮ ಹೆಸರಿನ ಚಾನೆಲ್ಲಿಗೆ ಹಾಕಿಕೊಂಡರೆ ಸ್ಟುಡಿಯೋದವರಿಗೂ ನಿಮಗೂ ಫರಕು ಉಳಿಯಲಿಲ್ಲ. ಹೆಸರು ಆಕೆಯದೇ ಇರಬೇಕು, ನಾಲ್ಕು ಕಾಸು ಬಂದರೆ ಅದೂ ಆಕೆಯ ಮನೆಗೆ ಹೋಗಬೇಕು. ಗೌಹರ್ ಜಾನ್ ತಮ್ಮ ರೆಕಾರ್ಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚು ಮಾಡುವವರಿಗೆ ಹಾಡಿದ್ದು ಯಾರು ಎಂದು ಗೊತ್ತಾಗಲಿ ಅಂತ. ನೀವೂ ಹಾಗೇ ಮಾಡಿಸಿ. ಹಾಡಿನ ಮುಂಚೆ ಹೆಸರು, ಊರು, ದಿನಾಂಕ, ಪದ ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಜನಕ್ಕೆ ಕೊಡುವ ಪ್ರತಿಯಲ್ಲಿ ಅದನ್ನು ಕತ್ತರಿಸಬಹುದು, ಮೂಲ ಪ್ರತಿಯಲ್ಲಿ ಇರಲಿ. ನಾಳೆ ಯಾರಾದರೂ ಇದು ನಮ್ಮದು ಎಂದು ಬಂದರೆ ನಿಮ್ಮ ಕೈಯಲ್ಲಿ ಒಂದು ಪುರಾವೆ ಇರುತ್ತದೆ.

ಮೂಲ ಪ್ರತಿ ವೇವ್ ಕಡತದಲ್ಲಿರಲಿ, ಎಂಪಿ3 ಅಲ್ಲ. ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿಯುತ್ತದೆ, 32 ಜಿಬಿ ಪೆನ್‌ಡ್ರೈವಿನಲ್ಲಿ ಐವತ್ತು ತಾಸಿನ ಹಾಡು ಕೂರುತ್ತದೆ. ಎರಡು ಪ್ರತಿ ಮಾಡಿ, ಎರಡು ಮನೆಯಲ್ಲಿ ಇಡಿ. ವಾಟ್ಸಾಪಿನಲ್ಲಿ ಕಳಿಸಿದ್ದೇ ಪ್ರತಿ ಅಂದುಕೊಳ್ಳಬೇಡಿ, ಅದು ಹಾಡನ್ನು ಹಿಂಡಿ ಕಳಿಸುತ್ತದೆ.

ಕಂಪ್ಯೂಟರ್ ಇಲ್ಲದ ಮಂಡಳಿಗಳು ಏನು ಮಾಡಬೇಕು? ಇಲ್ಲಿ ನಮ್ಮ ಜಗಳ ಪಂಚಾಯಿತಿಯ ಜತೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಬಂದಿದೆ. ನಾವು ಹೋದ ಕೆಲವು ಕಡೆ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು ಹೊದಿಸಿದಂತೆಯೇ ಇತ್ತು. ಆ ಯಂತ್ರಕ್ಕೆ ಉಚಿತ ಸಾಫ್ಟ್‌ವೇರ್ ಹಾಕಲು ಯಾವ ಟೆಂಡರ್ ಬೇಕು? ಒಂದು ಮೈಕ್, ಒಂದು ವೈರಿನ ಹೆಡ್‌ಫೋನ್, ಗೋಡೆಗೆ ನಾಲ್ಕು ಕೌದಿ. ಕೌದಿ ನಾವೇ ತರುತ್ತೇವೆ. ಸಂಜೆ ಕೇಂದ್ರ ಮುಚ್ಚಿದ ಮೇಲೆ ವಾರಕ್ಕೆ ಎರಡು ದಿನ ಬೀಗದ ಕೈ ಮಂಡಳಿಗೆ ಕೊಡಲಿ.

ಒಂದು ಪಂಚಾಯಿತಿಯಲ್ಲಿ ಇದನ್ನು ಕೇಳಿದ್ದಕ್ಕೆ, 'ಗ್ರಂಥಾಲಯದಾಗ ಗದ್ದಲ ಮಾಡಂಗಿಲ್ರೀ' ಎಂದು ಉತ್ತರ ಬಂತು. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರ. ಮುಂದಿನ ಗ್ರಾಮಸಭೆಗೆ ಲಿಖಿತ ಅರ್ಜಿ ಕೊಡಿ, ಮಂಡಳಿಯ ಎಲ್ಲರ ಸಹಿ ಹಾಕಿಸಿ, ಹೆಣ್ಣುಮಕ್ಕಳ ಸೋಬಾನೆ ತಂಡದವರ ಸಹಿಯೂ ಇರಲಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಇಸಿದುಕೊಳ್ಳಿ, ಚರ್ಚೆಯಾದದ್ದು ನಡಾವಳಿ ಪುಸ್ತಕದಲ್ಲಿ ಬಂದಿದೆಯೇ ನೋಡಿ. ಬರದಿದ್ದರೆ ಆ ಸ್ವೀಕೃತಿಯ ಫೋಟೋ ತೆಗೆದು ನಮಗೆ ಕಳಿಸಿ. ಊರಿನ ಹೆಸರು ಹಾಕಿಯೇ ಬರೆಯುತ್ತೇವೆ.